ನೀರಡಿಯ ದಫ್ತರ

ತೀರ್ಥಹಳ್ಳಿಯ ಜನಕ್ಕೆ ಮಳೆಗಾಲದ ಬಲಾಬಲವನ್ನು ತಿಳಿಯಲು ಬೇರೆ ಮಾಪಕ ಬೇಕಾಗಿಲ್ಲ. ತುಂಗೆಯ ಹರಿವಿನಲ್ಲಿ ನಿಂತಿರುವ ಕಲ್ಲಿನ ರಾಮಮಂಟಪದ ಎಷ್ಟು ಭಾಗವನ್ನು ಕೆನ್ನೀರು ನುಂಗಿದೆಯೆಂಬುದನ್ನು ದಡದಿಂದ ನೋಡಿಯೇ, ಕೊಡೆ ಹಿಡಿದ ಹಿರಿಯರು ಈ ವರ್ಷದ ಆರಿದ್ರೆ ಹೇಗೆ, ಪುನರ್ವಸು ಹೇಗೆ ಎಂದು ತೀರ್ಪು ಹೇಳಿಬಿಡುವರು. ಮಂಟಪ ಪೂರ್ಣವಾಗಿ ಮುಳುಗಿತೆಂದರೆ ಮರುದಿನದ ಪತ್ರಿಕೆಯಲ್ಲಿ ಅದರ ಚಿತ್ರ ಬಂದೇ ಬರುವುದು. ನೆರೆ ಇಳಿದ ಮೇಲೆ ಅದೇ ಮಂಟಪ ಅದೇ ಕಂಬಗಳೊಡನೆ, ಮೈಮೇಲೆ ಒಂದಿಷ್ಟು ಕೆಸರನ್ನೂ ತೇಲಿಬಂದ ಬಿದಿರಿನ ಕಸವನ್ನೂ ಹೊತ್ತು, ಹಿಂದೆ ಹೇಗಿತ್ತೋ ಹಾಗೆಯೇ ಮೇಲೆದ್ದು ಬರುವುದನ್ನು ಬಾಲ್ಯದಿಂದ ಕಂಡ ನನಗೆ, ಮುಳುಗಿದ್ದೆಲ್ಲವೂ ನಾಶವಾಯಿತೆಂಬ ಮಾತನ್ನು ನಂಬುವುದು ಎಂದೂ ಸಾಧ್ಯವಾಗಿಲ್ಲ. ನೀರು ಕೆಡಿಸುವುದುಂಟು; ಕಾಯುವುದೂ ಉಂಟು. ಅದು ಕಾದಿಟ್ಟದ್ದನ್ನು ಓದುವ ವಿದ್ಯೆಯೊಂದು ಕಳೆದ ಶತಮಾನದಲ್ಲಿ ಲೋಕದಲ್ಲಿ ಬೆಳೆದು ನಿಂತಿದೆ. ಆ ವಿದ್ಯೆಯನ್ನು ಭಾರತಕ್ಕೆ ತಂದ ಪುರುಷ ನಮ್ಮ ಜಿಲ್ಲೆಯ ಊರೊಂದರ ಹೆಸರನ್ನು ತನ್ನ ಹೆಸರಿನೊಳಗೆ ಹೊತ್ತವನಾಗಿದ್ದರೂ, ನಮ್ಮ ರಾಜ್ಯ ಅದನ್ನು ಇನ್ನೂ ತನ್ನದನ್ನಾಗಿ ಮಾಡಿಕೊಂಡಿಲ್ಲವೆಂಬುದೇ ಈ ಲೇಖನದ ಅಳಲು.

ಮಲೆನಾಡಿನವರಿಗೆ ಹಡಗಿನ ಚಿಂತೆಯೇಕೆ ಎಂದು ಕೇಳುವವರು ಮಾಘಮಾಸದಲ್ಲಿ ತಮ್ಮದೇ ಮನೆಯ ಅಂಗಳವನ್ನೊಮ್ಮೆ ನೋಡಬೇಕು. ಅಡಿಕೆಮರಕ್ಕೆ ಹಬ್ಬಿದ ಬಳ್ಳಿಗೆ ಏಣಿ ಹಾಕಿ ಕೊಯ್ದು, ಗೊಂಚಲಿನಿಂದ ಬಿಡಿಸಿ, ಚಾಪೆಯ ಮೇಲೆ ಹರವಿದ ಹಸಿರು ಕಾಳು, ನಾಲ್ಕಾರು ಬಿಸಿಲು ಕಂಡು ಕಪ್ಪಾಗಿ ಸುಕ್ಕುಗಟ್ಟಿ, ಬೊಗಸೆಯಲ್ಲಿ ಎತ್ತಿ ಸುರಿದರೆ ಸಣ್ಣ ಕಲ್ಲಿನಂತೆ ಸದ್ದು ಮಾಡುವ ಆ ಮೆಣಸಿಗಾಗಿಯೇ ಅಲ್ಲವೆ ಯುರೋಪಿನ ರಾಜರು ಆಫ್ರಿಕಾ ಖಂಡವನ್ನು ಸುತ್ತಿ ಹಡಗು ಕಳಿಸಿದ್ದು? ಇಲ್ಲಿ ಒಣಗಿದ ಕಾಳು ಹೇರೆತ್ತುಗಳ ಬೆನ್ನೇರಿ, ಘಟ್ಟದ ಕಾಲುದಾರಿಗಳನ್ನು ಇಳಿದು, ಬಸರೂರು, ಭಟ್ಕಳ, ಹೊನ್ನಾವರಗಳ ಬಂದರುಗಳನ್ನು ಸೇರುತ್ತಿತ್ತು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದೇ ಕರೆದರು. ಆಕೆಯ ರಾಜ್ಯವನ್ನು ವಶಪಡಿಸಿಕೊಂಡ ಕೆಳದಿಯ ವೆಂಕಟಪ್ಪನಾಯಕನ ಆಸ್ಥಾನಕ್ಕೆ 1623ರಲ್ಲಿ ಪೋರ್ಚುಗೀಸ್ ರಾಯಭಾರಿ ಬಂದಾಗ, ಅವನೊಡನೆ ಹೊನ್ನಾವರದಿಂದ ಹೊಳೆಯ ದಾರಿಯಲ್ಲಿ ಗೇರುಸೊಪ್ಪೆಗೂ ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೂ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ, ತಾನು ಕಂಡದ್ದನ್ನೆಲ್ಲ ಪತ್ರಗಳಲ್ಲಿ ವಿಸ್ತಾರವಾಗಿ ಬರೆದಿಟ್ಟಿರುವನು. 1650ರ ದಶಕದ ಆರಂಭದಲ್ಲಿ ಶಿವಪ್ಪನಾಯಕ ಹೊನ್ನಾವರ, ಬಸರೂರು, ಮಂಗಳೂರುಗಳ ಪೋರ್ಚುಗೀಸ್ ಕೋಟೆಗಳನ್ನು ಗೆದ್ದದ್ದೂ ಈ ಬಂದರುಗಳ ಒಡೆತನಕ್ಕಾಗಿಯೇ. ಕೆಳದಿಯ ನಾಯಕರ ರಾಜಧಾನಿಯಾದ ಬಿದನೂರಿನ ಐಶ್ವರ್ಯ ಘಟ್ಟದ ಮೇಲೆ ಕೂಡಿಬಿದ್ದಿತಾದರೂ ಅದರ ಕೀಲಿಕೈ ಕಡಲಿನಲ್ಲಿತ್ತು. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಇತಿಹಾಸವನ್ನು ಕೋಟೆ, ದೇವಾಲಯ, ಶಾಸನಗಳಿಂದ ಮಾತ್ರ ಬರೆಯಹೊರಡುವವರು ಅದರ ಅರ್ಧಭಾಗವನ್ನು ಬಂದರಿನಲ್ಲಿಯೇ ಬಿಟ್ಟುಬಂದಂತಾಗುವುದು.

ಹೋದ ಹಡಗುಗಳೆಲ್ಲ ಊರು ಸೇರಲಿಲ್ಲ. 1606ರ ಜನವರಿಯಲ್ಲಿ ಕೊಚ್ಚಿಯಿಂದ ಮೆಣಸು ತುಂಬಿಕೊಂಡು ಹೊರಟ 'ನೊಸ್ಸ ಸೆನ್ಹೋರ ದೊಸ್ ಮಾರ್ತಿರೆಸ್' ಎಂಬ ಪೋರ್ಚುಗೀಸ್ ನೌಕೆ, ಎಂಟು ತಿಂಗಳ ಕಾಲ ಎರಡು ಮಹಾಸಾಗರಗಳನ್ನು ಹಾಯ್ದು, ತನ್ನ ಊರಾದ ಲಿಸ್ಬನ್ನಿನ ಹೊಸ್ತಿಲಿಗೆ ಬಂದು, ತೇಜೊ ನದಿಯ ಅಳಿವೆಯಲ್ಲಿ ಸಾವೊ ಜೂಲಿಯಾವೊ ಕೋಟೆಯ ಕಣ್ಣೆದುರಿಗೇ ಬಂಡೆಗೆ ಬಡಿದು ಸೆಪ್ಟೆಂಬರ್ ತಿಂಗಳಿನಲ್ಲಿ ಒಡೆದುಹೋಯಿತು. ಒಡಲೊಳಗಿನ ಮೆಣಸು ಕರಿಯ ಅಲೆಯಾಗಿ ದಡದುದ್ದಕ್ಕೂ ಹರಡಿತು. 1990ರ ದಶಕದಲ್ಲಿ ಪೋರ್ಚುಗಲ್ಲಿನ ಪುರಾತತ್ತ್ವಜ್ಞರು ಅದೇ ಜಾಗದಲ್ಲಿ ಮುಳುಗಿ ಶೋಧಿಸಿದಾಗ, ಮೂರು ನಕ್ಷತ್ರಮಾಪಕಗಳೂ ಚೀನಾದ ಪಿಂಗಾಣಿಯೂ ದೊರೆತುವಲ್ಲದೆ, ಉಳಿದಿದ್ದ ಹಲಗೆಗಳ ನಡುವೆ ಕರಿಮೆಣಸಿನ ದಪ್ಪನೆಯ ಪದರವೊಂದು ನಾಲ್ಕು ಶತಮಾನಗಳ ಅನಂತರವೂ ಕಾಳುಕಾಳಾಗಿಯೇ ಉಳಿದಿತ್ತು. ಅದಕ್ಕೆ ಅವರು ಮೆಣಸಿನ ಹಡಗು ಎಂದೇ ಹೆಸರಿಟ್ಟರು. ಆ ರಾಶಿಯಲ್ಲಿ ನಮ್ಮ ಕಡೆಯ ಬಳ್ಳಿಯ ಕಾಳಿತ್ತೇ ಎಂಬುದನ್ನು ಈಗ ಹೇಳಬಲ್ಲವರಿಲ್ಲ; ಆದರೆ ಅಂಗಳದಲ್ಲಿ ನಾನು ಪ್ರತಿವರ್ಷ ಕಾಲಿನಿಂದ ಗೆರೆ ಎಳೆದು ಮಗುಚುವ ವಸ್ತುವೊಂದು ಸಮುದ್ರದ ತಳದಲ್ಲಿ ಅಷ್ಟು ಕಾಲ ತನ್ನ ಆಕಾರವನ್ನು ಬಿಡದೆ ಕಾದಿತ್ತೆಂಬುದನ್ನು ಓದಿದ ದಿನ, ಬಹಳ ಹೊತ್ತು ನನಗೆ ಬೇರೆ ಕೆಲಸ ಕೈಗೆ ಹತ್ತಲಿಲ್ಲ.

ಆ ಶೋಧದಲ್ಲಿ ಮೆಣಸಿಗಿಂತ ಮಿಗಿಲಾದ ಲಾಭವೊಂದುಂಟು. ಹಡಗಿನ ಮರದ ಪಕ್ಕೆಲುಬುಗಳ ಮೇಲೆ ಬಡಗಿಗಳು ಉಳಿಯಿಂದ ಕೊರೆದ ಗುರುತುಗೆರೆಗಳು ಅಳಿಯದೆ ಉಳಿದಿದ್ದುವು. ಅವುಗಳನ್ನು ಒಂದೊಂದಾಗಿ ಅಳೆದು, ಹಳೆಯ ನೌಕಾನಿರ್ಮಾಣ ಗ್ರಂಥಗಳೊಡನೆ ತಾಳೆ ನೋಡಿ, ಅಂತಹ ಹಡಗನ್ನು ಯಾವ ಪ್ರಮಾಣದಲ್ಲಿ ಕಟ್ಟುತ್ತಿದ್ದರೆಂಬುದನ್ನು ಫಿಲಿಪೆ ಕಾಸ್ಟ್ರೊ ಎಂಬ ವಿದ್ವಾಂಸ ಪುನಾರಚಿಸಿ ತೋರಿಸಿದನು. ಚಿನ್ನ ಹುಡುಕಿ ಬಂದವನ ಕೈಗೆ ಆ ಗೆರೆಗಳು ಸಿಕ್ಕಿದ್ದರೆ ಅವನು ಅವುಗಳನ್ನು ಕಿತ್ತು ಬದಿಗೆ ಎಸೆಯುತ್ತಿದ್ದನು. ಹಾಗೆ ಆದದ್ದೂ ಉಂಟು. 1752ರಲ್ಲಿ ಮುಳುಗಿದ್ದ 'ಗೆಲ್ಡರ್‌ಮಾಲ್ಸೆನ್' ಎಂಬ ಡಚ್ಚರ ಹಡಗನ್ನು 1985ರಲ್ಲಿ ವ್ಯಾಪಾರದೃಷ್ಟಿಯಿಂದ ಶೋಧಿಸಿದಾಗ, ಲಕ್ಷಕ್ಕೂ ಮೀರಿದ ಪಿಂಗಾಣಿ ಪಾತ್ರೆಗಳು ಮೇಲೆ ಬಂದು ಮರುವರ್ಷ ಹರಾಜಿನಲ್ಲಿ ಲೋಕದ ಮೂಲೆಮೂಲೆಗೆ ಚದುರಿಹೋದುವು. ಹಡಗು ಹೇಗಿತ್ತು, ಯಾವುದರ ಪಕ್ಕದಲ್ಲಿ ಯಾವುದಿತ್ತು ಎಂಬುದನ್ನು ಬರೆದಿಟ್ಟುಕೊಳ್ಳುವ ವ್ಯವಧಾನ ಅಲ್ಲಿ ಯಾರಿಗೂ ಇರಲಿಲ್ಲ. ಪಾತ್ರೆ ಉಳಿಯಿತು, ಚರಿತ್ರೆ ಹೋಯಿತು.

ಈ ವಿಷಯದಲ್ಲಿ ಮಲೆನಾಡಿನವರಿಗೆ ಯಾರೂ ಹೊಸದಾಗಿ ಪಾಠ ಹೇಳಬೇಕಾಗಿಲ್ಲ. ಕವಲೇದುರ್ಗದ ಮೇಲೆ, ನಗರದ ಕೋಟೆಯ ಆಸುಪಾಸಿನಲ್ಲಿ, ಕಾಡಿನ ನಡುವೆ ಪಾಳುಬಿದ್ದ ಗುಡಿಗಳಲ್ಲಿ ನಿಧಿಗಳ್ಳರು ಮಾಡಿರುವ ಅನಾಹುತವನ್ನು ನಾವು ಕಣ್ಣಾರೆ ಕಂಡವರು. ಹಿಂದೊಮ್ಮೆ ಕಾಡಿನೊಳಗಿನ ಸಣ್ಣದೊಂದು ಗುಡಿಗೆ ಹೋದಾಗ, ಗರ್ಭಗೃಹದ ನಡುವೆ ಆಳೆತ್ತರದ ಗುಂಡಿ, ಅದರ ಬಾಯಲ್ಲಿ ಅರೆ ಉರಿದ ಊದುಬತ್ತಿ, ನಿಂಬೆಹಣ್ಣಿನ ಹೋಳು, ಎರಡು ತುಂಡಾಗಿ ಒರಗಿದ ಪೀಠ ಇವುಗಳನ್ನು ಕಂಡೆನು. ಪೀಠದ ಅಂಚಿನಲ್ಲಿ ಅಕ್ಷರಗಳಿದ್ದುವು. ಒಡೆದ ಜಾಗದಲ್ಲಿ ಸಾಲಿನ ನಡುಭಾಗವೇ ಪುಡಿಯಾಗಿತ್ತು. ಅಲ್ಲಿ ನಿಧಿಯೆಂಬುದೊಂದಿದ್ದರೆ ಆ ಸಾಲೇ ನಿಧಿ. ಸಮುದ್ರದ ತಳದಲ್ಲಿ ಅಂತಹ ಗುಂಡಿ ತೋಡಿದರೆ ದಾರಿಹೋಕನ ಕಣ್ಣಿಗೂ ಬೀಳುವಂತಿಲ್ಲ. ಆದುದರಿಂದಲೇ ಅಲ್ಲಿಯ ಕಳವು ಇಲ್ಲಿಯದಕ್ಕಿಂತ ಭಯಂಕರ.

ನೀರಿಗಿಳಿಯುವ ವಿದ್ಯೆಯ ಕಷ್ಟವನ್ನು ಒಂದಿಷ್ಟು ವಿವರಿಸಬೇಕು. ಏಕೆಂದರೆ ಇದು ಗಟ್ಟಿ ಎದೆಯವನೊಬ್ಬ ಉಸಿರು ಬಿಗಿಹಿಡಿದು ಹಾರಿ ಮಾಡುವ ಸಾಹಸವೆಂಬ ಭ್ರಮೆ ನಮ್ಮಲ್ಲಿನ್ನೂ ಇದೆ. ನೀರಿನಲ್ಲಿ ಪ್ರತಿ ಹತ್ತು ಮೀಟರ್ ಇಳಿದಂತೆ ಮೈಮೇಲಿನ ಒತ್ತಡ ನೆಲದ ಮೇಲಿನ ವಾಯುಭಾರದಷ್ಟು ಹೆಚ್ಚುತ್ತದೆ. ಅರುವತ್ತು ಮೀಟರ್ ಆಳದಲ್ಲಿ ಅದು ನೆಲದಲ್ಲಿರುವುದರ ಏಳರಷ್ಟು. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯಲ್ಲಿನ ನೈಟ್ರೋಜನ್ ರಕ್ತದಲ್ಲಿ, ಕೊಬ್ಬಿನಲ್ಲಿ, ಮಜ್ಜೆಯಲ್ಲಿ ಕರಗಿ ಸೇರಿಕೊಳ್ಳುವುದು. ಮುಳುಗಿದವನು ಅವಸರದಿಂದ ಮೇಲೆದ್ದನೆಂದರೆ, ಗೋಲಿಸೋಡದ ಗೋಲಿಯನ್ನು ಒಳಕ್ಕೆ ಒತ್ತಿದ ಕ್ಷಣ ನೊರೆಯುಕ್ಕುವಂತೆ, ಕರಗಿದ್ದ ಅನಿಲವೆಲ್ಲ ಗುಳ್ಳೆಯಾಗಿ ಕೀಲುಗಳನ್ನು ಹಿಂಡಿ, ಬೆನ್ನುಹುರಿಯನ್ನು ಕೆಡಿಸಿ, ಪ್ರಾಣವನ್ನೇ ತೆಗೆಯಬಹುದು. 1900ರಲ್ಲಿ ಗ್ರೀಸಿನ ಆಂಟಿಕಿಥೆರ ದ್ವೀಪದ ಬಳಿ ಸ್ಪಂಜು ಹೆಕ್ಕುವ ಮುಳುಗುಗಾರರು ಪ್ರಾಚೀನ ಹಡಗೊಂದನ್ನು ಕಂಡು ಅದರ ವಿಗ್ರಹಗಳನ್ನು ಮೇಲೆ ತರುವ ಹೊತ್ತಿಗೆ ಅವರಲ್ಲಿ ಒಬ್ಬ ಸತ್ತು ಇಬ್ಬರು ಅಂಗಹೀನರಾದುದು ಈ ಕಾರಣದಿಂದಲೇ. ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇದ್ದವನು ಮೇಲೇರುವಾಗ ಎಲ್ಲೆಲ್ಲಿ ಎಷ್ಟೆಷ್ಟು ನಿಮಿಷ ತಂಗಬೇಕೆಂಬ ಕೋಷ್ಟಕವನ್ನು ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ ಆಡುಗಳ ಮೇಲೆ ಪ್ರಯೋಗ ನಡೆಸಿ 1908ರಲ್ಲಿ ಪ್ರಕಟಿಸಿದನು. ಇಂದಿನ ಮುಳುಗುತಜ್ಞನ ಮಣಿಕಟ್ಟಿನ ಮೇಲೆ ಮಿನುಗುವ ಪುಟ್ಟ ಗಣಕಯಂತ್ರಗಳೆಲ್ಲವೂ ಆ ಕೋಷ್ಟಕದ ಮಕ್ಕಳು, ಮೊಮ್ಮಕ್ಕಳು.

ವಿನೋದಕ್ಕಾಗಿ ಮುಳುಗುವವರು ನಲವತ್ತು ಮೀಟರಿನ ಆಚೆಗೆ ಇಳಿಯತಕ್ಕದ್ದಲ್ಲ. ತಂಗದೆ ನೇರವಾಗಿ ಮೇಲೆ ಬರಬಹುದಾದಷ್ಟು ಹೊತ್ತು ಮಾತ್ರ ಕೆಳಗಿರತಕ್ಕದ್ದು. ಈ ಎರಡು ಗೆರೆಗಳನ್ನು ದಾಟಿದ ಮೇಲೆ ಆರಂಭವಾಗುವುದೇ ತಾಂತ್ರಿಕ ಮುಳುಗುವಿಕೆ. ಆಳದಲ್ಲಿ ನೈಟ್ರೋಜನ್ ಮದ್ಯದಂತೆ ಮತ್ತೇರಿಸಿ ಬುದ್ಧಿಯನ್ನು ಮಂಕಾಗಿಸುವುದು. ಆಮ್ಲಜನಕವೇ ಮಿತಿಮೀರಿದ ಒತ್ತಡದಲ್ಲಿ ವಿಷವಾಗಿ ಸೆಳವು ತರುವುದು. ಆದುದರಿಂದ ಎರಡನ್ನೂ ತಗ್ಗಿಸಿ ಹೀಲಿಯಂ ಬೆರೆಸಿದ ಮಿಶ್ರಣವನ್ನು ಒಂದು ಸಿಲಿಂಡರಿನಲ್ಲಿಯೂ, ಮೇಲೇರುವಾಗ ತಂಗುದಾಣಗಳಲ್ಲಿ ಉಸಿರಾಡಲು ಆಮ್ಲಜನಕ ಹೆಚ್ಚಿರುವ ಮಿಶ್ರಣವನ್ನು ಬೇರೆ ಸಿಲಿಂಡರುಗಳಲ್ಲಿಯೂ ಹೊತ್ತು, ಒಂದು ಕೈಕೊಟ್ಟರೆ ಮತ್ತೊಂದು ಇರಲೆಂದು ಪ್ರತಿಯೊಂದು ಉಪಕರಣವನ್ನೂ ಜೋಡಿಯಾಗಿಟ್ಟುಕೊಂಡು ಇಳಿಯಬೇಕು. ಅರುವತ್ತು ಮೀಟರ್ ಆಳದಲ್ಲಿ ಅರ್ಧ ಗಂಟೆ ಕೆಲಸ ಮಾಡಿದವನು, ಮೇಲಿನ ಬೆಳಕು ಕಾಣುತ್ತಿದ್ದರೂ, ಹಗ್ಗವೊಂದನ್ನು ಹಿಡಿದು ಹಂತಹಂತವಾಗಿ ಒಂದು ಗಂಟೆಗೂ ಮೀರಿ ಕಾಯಬೇಕಾಗುವುದು. ಅವನ ಶೌರ್ಯವೆಲ್ಲ ಆ ತಾಳ್ಮೆಯಲ್ಲಿದೆ.

ಇಂತಹ ತಾಳ್ಮೆಯ ಫಲ ಏನೆಂಬುದಕ್ಕೆ ತುರ್ಕಿಯ ಊಲುಬುರುನ್ ಭೂಶಿರದ ಬಳಿಯ ಹಡಗೊಂದೇ ಸಾಕು. ಕ್ರಿಸ್ತಪೂರ್ವ ಹದಿನಾಲ್ಕನೆಯ ಶತಮಾನದ ಆ ನೌಕೆಯನ್ನು 1982ರಲ್ಲಿ ಮೊದಲು ಕಂಡವನು ವಿದ್ವಾಂಸನಲ್ಲ, ಸ್ಪಂಜು ಹೆಕ್ಕುವ ಮುಳುಗುಗಾರ. ಕಿವಿಗಳುಳ್ಳ ಲೋಹದ ಬಿಸ್ಕತ್ತುಗಳು ತಳದಲ್ಲಿ ಬಿದ್ದಿವೆಯೆಂದು ಅವನು ತನ್ನ ನಾಯಕನಿಗೆ ಹೇಳಿದನಂತೆ. ಜಾರ್ಜ್ ಬಾಸ್ ಮತ್ತು ಜೆಮಾಲ್ ಪುಲಾಕ್ ಅವರ ತಂಡ 1984ರಿಂದ 1994ರವರೆಗೆ ಅಲ್ಲಿ 22,413 ಸಲ ಮುಳುಗಿ, ಹತ್ತು ಟನ್ನಿನಷ್ಟು ತಾಮ್ರವನ್ನೂ ಅದರೊಡನೆ ತವರ, ಗಾಜು, ದಂತ, ಧೂಪದ್ರವ್ಯಗಳನ್ನೂ ನಕ್ಷೆಯಲ್ಲಿ ಗುರುತಿಸಿ ಮೇಲೆ ತಂದಿತು. ಒಂದೊಂದು ಸಲ ತಳದಲ್ಲಿ ದೊರೆಯುತ್ತಿದ್ದುದು ಇಪ್ಪತ್ತು ನಿಮಿಷ. ಇಪ್ಪತ್ತು ಇಪ್ಪತ್ತು ನಿಮಿಷಗಳನ್ನು ಕೂಡಿಸಿ ಕೂಡಿಸಿ ಬರೆದ ಪುಸ್ತಕ ಅದು.

ಭಾರತದಲ್ಲಿ ಈ ಕೆಲಸಕ್ಕೆ ಕೈಹಾಕಿದ ಮೊದಲಿಗರಾರು? ಶಿಕಾರಿಪುರ ರಂಗನಾಥ ರಾವ್. 1922ರಲ್ಲಿ ಹುಟ್ಟಿದ ಈ ಕನ್ನಡಿಗರು, ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಲ್ಲಿದ್ದಾಗ ಗುಜರಾತಿನ ಲೋಥಲನ್ನು 1954ರಲ್ಲಿ ಕಂಡುಹಿಡಿದು ಉತ್ಖನನ ಮಾಡಿ, ಅಲ್ಲಿ ಸುಮಾರು 215 ಮೀಟರ್ ಉದ್ದದ ಇಟ್ಟಿಗೆಯ ಕಟ್ಟೆಯೊಂದನ್ನು ಹಡಗುಕಟ್ಟೆಯೆಂದು ಗುರುತಿಸಿದರು. ಅದು ಹಡಗುಕಟ್ಟೆಯಲ್ಲ, ನೀರಿನ ಕೆರೆಯೆಂದು ವಾದಿಸಿದವರಿದ್ದಾರೆ. ಆ ಚರ್ಚೆ ಇಲ್ಲಿ ಬೇಡ. ನನಗೆ ಮುಖ್ಯವೆಂದು ತೋರುವುದು ಅವರ ಜೀವನದ ಉತ್ತರಾರ್ಧ. ಸಾಮಾನ್ಯ ಅಧಿಕಾರಿಯೊಬ್ಬ ನಿವೃತ್ತಿವೇತನದ ಕಾಗದಗಳನ್ನು ಸರಿಪಡಿಸಿಕೊಳ್ಳುವ ವಯಸ್ಸಿನಲ್ಲಿ, 1981ರಲ್ಲಿ, ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಲ್ಲಿ ಸಾಗರ ಪುರಾತತ್ತ್ವದ ಕೇಂದ್ರವನ್ನು ಅವರು ಕಟ್ಟಿದರು. 1983ರಿಂದ ದ್ವಾರಕೆಯ ಕಡಲತಳದ ಶೋಧವನ್ನು ನಡೆಸಿ, ಕಲ್ಲಿನ ಕಟ್ಟಡಗಳನ್ನೂ ತೂತುಗಳುಳ್ಳ ಕಲ್ಲಿನ ಲಂಗರುಗಳನ್ನೂ ಬೆಳಕಿಗೆ ತಂದರು. ದ್ವಾರಕೆಯ ಕಾಲನಿರ್ಣಯದ ಬಗ್ಗೆ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲದಿರಬಹುದು. ಆದರೆ ಅವರು ನೆಟ್ಟ ಬಳ್ಳಿ ಹಬ್ಬಿತು: ಅದೇ ಕೇಂದ್ರದವರು ಗೋವೆಯ ಸುಂಚಿ ಬಂಡೆಸಾಲಿನಲ್ಲಿ ಹದಿನೇಳನೆಯ ಶತಮಾನದ ಪೋರ್ಚುಗೀಸ್ ಹಡಗೊಂದರ ಅವಶೇಷಗಳನ್ನು, ಆನೆಯ ದಂತ ಮತ್ತು ನೀರಾನೆಯ ಹಲ್ಲುಗಳ ಸಹಿತ, ಶೋಧಿಸಿದರು, 2001ರಲ್ಲಿ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯೂ ತನ್ನದೇ ಆದ ಜಲಾಂತರ್ಗತ ಪುರಾತತ್ತ್ವ ವಿಭಾಗವನ್ನು ತೆರೆದು ಲಕ್ಷದ್ವೀಪದ ಕಡಲಿನಲ್ಲಿ 'ಪ್ರಿನ್ಸೆಸ್ ರಾಯಲ್' ಹಡಗಿನ ಶೋಧ ನಡೆಸಿತು. ರಾವ್ ಅವರು 2013ರ ಜನವರಿಯಲ್ಲಿ ತೀರಿಕೊಂಡರು. ಗುಜರಾತಿಗೂ ಗೋವೆಗೂ ಒದಗಿದ ಅವರ ವಿದ್ಯೆ ಅವರ ಸ್ವಂತ ನಾಡಿನ ಕರಾವಳಿಗೆ ಆ ಪ್ರಮಾಣದಲ್ಲಿ ಒದಗದೆ ಹೋದುದನ್ನು ನೆನೆದರೆ ಶಿವಮೊಗ್ಗ ಜಿಲ್ಲೆಯವನಾದ ನನಗೆ ಸಂಕಟವಾಗುವುದು.

ಕಾರವಾರದಿಂದ ಮಂಗಳೂರಿನವರೆಗಿನ ನಮ್ಮ ಕಡಲಿನಲ್ಲಿ ಹುಡುಕುವುದಕ್ಕೇನಿದೆ ಎನ್ನುವಂತಿಲ್ಲ. ಗೋವೆಯ ಕದಂಬ ಅರಸರು ಪಶ್ಚಿಮಸಮುದ್ರಾಧೀಶ್ವರರೆಂದು ಬಿರುದು ಧರಿಸಿ ಹಡಗುಪಡೆ ಕಟ್ಟಿದವರು. ನೌಕಾಯುದ್ಧವನ್ನು ಕೆತ್ತಿದ ಅವರ ಕಾಲದ ವೀರಗಲ್ಲನ್ನು ಹಳೆಗೋವೆಯ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ನೋಡಬಹುದು. ನಮ್ಮ ಊರೂರಿನಲ್ಲಿ ಗೋಗ್ರಹಣದ ವೀರಗಲ್ಲುಗಳನ್ನೇ ಕಂಡ ಕಣ್ಣಿಗೆ, ಹುಟ್ಟು ಹಾಕುವ ಅಂಬಿಗರ ಸಾಲನ್ನು ಕಲ್ಲಿನಲ್ಲಿ ಕಂಡಾಗ ಆಗುವ ಬೆರಗೇ ಬೇರೆ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ, ಅದರೊಡನೆ ಕೈಗೆ ಬಂದ ಬಂದರುಗಳಲ್ಲಿ ಹಡಗು ಕಟ್ಟಿಸಿದನು. 1780ರ ಡಿಸೆಂಬರಿನಲ್ಲಿ ಎಡ್ವರ್ಡ್ ಹ್ಯೂಸ್‌ನ ಇಂಗ್ಲಿಷ್ ನೌಕಾಪಡೆ ಮಂಗಳೂರಿನ ಬಂದರಿಗೆ ನುಗ್ಗಿ ಆ ಹಡಗುಗಳನ್ನು ನಾಶಪಡಿಸಿತು. ನಮ್ಮ ಘಟ್ಟದ ಮರದಿಂದ ಕಟ್ಟಿದ ಹಡಗುಗಳು ಅವುಗಳಲ್ಲಿ ಇದ್ದಿರಲೇಬೇಕೆಂಬುದು ನನ್ನ ಊಹೆ. ಬೆಚ್ಚನೆಯ ಕಡಲಿನಲ್ಲಿ ಮರ ತಿನ್ನುವ ಹುಳುವಿನ ಬಾಧೆ ಹೆಚ್ಚೆಂಬುದು ನಿಜ. ಆದರೆ ಘಟ್ಟದ ಹೊಳೆಗಳು ವರ್ಷವರ್ಷವೂ ತಂದು ಸುರಿಯುವ ಕೆಂಪು ಹೂಳಿನೊಳಗೆ ಹುಗಿದುಹೋದ ಹಲಗೆಗೆ ಆ ಹುಳು ತಲುಪಲಾರದು. ನಮ್ಮ ಹಿರಿಯರು ಮನೆಗೆಂದು ಕಡಿದ ದಿಮ್ಮಿಯನ್ನು ಕೆರೆಯ ಕೆಸರಿನಲ್ಲಿ ಮುಳುಗಿಸಿಡುತ್ತಿದ್ದುದು ಇದೇ ಜಾಣತನದಿಂದ.

ನಮ್ಮ ಕಡಲಿನಲ್ಲಿ ಆಳದ ಶೋಧ ಅಸಾಧ್ಯವೆಂಬ ಮಾತು ಈಗ ನಿಲ್ಲಲಾರದು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಮೀನುಗಾರಿಕೆಗೆ ಹೊರಟು ಏಳು ಮಂದಿಯೊಡನೆ ಕಾಣೆಯಾದ 'ಸುವರ್ಣ ತ್ರಿಭುಜ' ದೋಣಿಯ ಅವಶೇಷವನ್ನು, ಐದು ತಿಂಗಳ ಬಳಿಕ, ಮಹಾರಾಷ್ಟ್ರದ ಮಾಲ್ವಣದ ಕಡಲಿನಲ್ಲಿ ಸುಮಾರು ಅರುವತ್ತು ಮೀಟರ್ ಆಳದಲ್ಲಿ ನೌಕಾಪಡೆಯ 'ಐಎನ್‌ಎಸ್ ನಿರೀಕ್ಷಕ್' ಹಡಗಿನ ಮುಳುಗುತಜ್ಞರು ಪತ್ತೆಮಾಡಿದರು. ಆ ಏಳು ಮನೆಗಳ ದುಃಖದ ಮುಂದೆ ಪುರಾತತ್ತ್ವದ ಮಾತೆತ್ತುವುದಕ್ಕೆ ಸಂಕೋಚವಾಗುವುದು. ಆದರೂ ಮುಳುಗಿದ ದೋಣಿಯ ಸುದ್ದಿಯನ್ನು ಕಾದವರಿಗೆ ಮುಟ್ಟಿಸುವ ಸಾಮರ್ಥ್ಯ ದೇಶಕ್ಕಿದೆಯೆಂದು ಅಂದು ತಿಳಿಯಿತು. ಅದೇ ನೌಕಾಪಡೆಯ ದೊಡ್ಡ ನೆಲೆಯೊಂದು ನಮ್ಮ ಕಾರವಾರದಲ್ಲಿಯೇ ಇದೆ. ಅದರ ಹೆಸರೂ ಕದಂಬ. ಸುರತ್ಕಲ್ಲಿನ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯಲ್ಲಿ ಸಾಗರ ಎಂಜಿನಿಯರಿಂಗಿನ ವಿಭಾಗವಿದೆ. ಇವರನ್ನೆಲ್ಲ ಒಂದು ಹಲಗೆಯ ಮೇಲೆ ಕೂರಿಸಿ ಕೆಲಸ ತೆಗೆಯುವ ಅಧಿಕಾರಿಯೊಬ್ಬ, ಅವನ ಕೈಕೆಳಗೆ ತರಬೇತಾದ ನಾಲ್ಕಾರು ತರುಣ ತರುಣಿಯರು, ರಾಜ್ಯದ ಪುರಾತತ್ತ್ವ ಇಲಾಖೆಯಲ್ಲಿರಬೇಕು. ಮೊದಲು ಅವರು ಹೋಗಬೇಕಾದುದು ಕಡಲಿಗಲ್ಲ, ಮೊಗವೀರರ ಮತ್ತು ಖಾರ್ವಿಗಳ ಮನೆಯ ಜಗಲಿಗೆ. ಯಾವ ಜಾಗದಲ್ಲಿ ಬಲೆ ಬೀಸಿದರೆ ತಳದಲ್ಲಿ ಸಿಕ್ಕಿ ಹರಿಯುತ್ತದೆಂಬುದು ಅವರಿಗೆ ತಲೆಮಾರಿನಿಂದ ಗೊತ್ತು; ಊಲುಬುರುನ್ನಿನ ಹಡಗು ಸಿಕ್ಕಿದ್ದೂ ಅಂತಹ ಒಬ್ಬನ ಮಾತಿಗೆ ಕಿವಿಗೊಟ್ಟದ್ದರಿಂದ. ಜೂನ್, ಜುಲೈ ತಿಂಗಳುಗಳಲ್ಲಿ ಯಂತ್ರದೋಣಿಗಳು ದಡದಲ್ಲಿರುವಾಗ ಈ ಮಾತುಕತೆಗೆ ಬೇಕಾದಷ್ಟು ಬಿಡುವೂ ಇರುವುದು.

ಆದರೆ ಅಭ್ಯಾಸದ ಶಾಲೆ ಎಲ್ಲಿ? ನನ್ನ ಉತ್ತರ: ಇಲ್ಲಿಯೇ, ಶರಾವತಿಯ ಹಿನ್ನೀರಿನಲ್ಲಿ.

ಮಳೆ ಕೈಕೊಟ್ಟ ವರ್ಷವೊಂದರ ಬೇಸಗೆಯಲ್ಲಿ ಶರಾವತಿಯ ಲಿಂಗನಮಕ್ಕಿ ಜಲಾಶಯದ ನೀರು ತೀರ ತಳ ಹತ್ತಿದಾಗ, ಸಾಗರದ ಕಡೆಯ ಬಂಧುಗಳೊಡನೆ ನಾನೂ ಮಡೆನೂರಿನ ಹಳೆಯ ಅಣೆಕಟ್ಟನ್ನು ನೋಡಹೋದೆನು. ಜೋಗದ ವಿದ್ಯುದಾಗರಕ್ಕೆ ನೀರೊದಗಿಸಲೆಂದು 1939ರಲ್ಲಿ ಶಂಕುಸ್ಥಾಪನೆಯಾಗಿ 1948ರ ಹೊತ್ತಿಗೆ ಮುಗಿದ ಈ ಹಿರೇಭಾಸ್ಕರ ಅಣೆಕಟ್ಟು, 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ತಾನೇ ಮುಳುಗಿಹೋಯಿತು. ಹದಿನಾರು ವರ್ಷ ಬಾಳಿದ ಅಣೆಕಟ್ಟನ್ನು ಮತ್ತೊಂದು ಅಣೆಕಟ್ಟು ನುಂಗಿತು. ಅರುವತ್ತು ಮಳೆಗಾಲಗಳನ್ನು ನೀರಿನೊಳಗೆ ಕಳೆದ ಗಾರೆಯ ಗೋಡೆಗಳೂ, ಹೆಚ್ಚಿದ ನೀರು ತಾನಾಗಿಯೇ ಸೆಳೆದು ಹೊರಬೀಳುವಂತೆ ರಚಿಸಿದ ಸೈಫನ್ನುಗಳ ದುಂಡು ಬಾಯಿಗಳೂ ನಿನ್ನೆ ಮೊನ್ನೆ ಕಟ್ಟಿದಂತೆ ನಿಂತಿದ್ದುವು. ಸುತ್ತಲೂ ಬಿರಿದ ಕೆಸರು, ಕಪ್ಪೆಚಿಪ್ಪು, ಕಡಿದ ಮರಗಳ ಬೊಡ್ಡೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ನಮ್ಮೊಡನೆ ಬಂದಿದ್ದ ಅಜ್ಜನೊಬ್ಬರು ಒಂದು ಚಪ್ಪಡಿಯ ಮುಂದೆ ಚಪ್ಪಲಿ ಕಳಚಿಟ್ಟು ನಿಂತುಬಿಟ್ಟರು. "ಇದು ನಮ್ಮನೆ ಹೊಸ್ತಿಲು ಕಣೋ ತಮ್ಮ. ಆ ಕಡೆ ಒರಳು ಇತ್ತು, ನೋಡು" ಎಂದರು. ನೋಡಿದರೆ ಒರಳು ಅಲ್ಲಿಯೇ ಇತ್ತು. ಅದರ ಗುಂಡಿಯ ತುಂಬ ಒಣಗಿದ ಹೂಳು. ಅವರು ಬೆರಳಿನಿಂದ ಅದನ್ನು ಕೆರೆದು ತೆಗೆಯತೊಡಗಿದರು, ನಾವು ಯಾರೂ ಮಾತಾಡಲಿಲ್ಲ.

ಶರಾವತಿ, ವಾರಾಹಿ, ಚಕ್ರಾ ಯೋಜನೆಗಳ ನೀರಿನಡಿ ಹೀಗೆ ಎಷ್ಟು ಹೊಸ್ತಿಲುಗಳಿವೆ! ಸಾಗರದ ನಾ. ಡಿಸೋಜರು ತಮ್ಮ 'ಮುಳುಗಡೆ', 'ದ್ವೀಪ' ಕಾದಂಬರಿಗಳಲ್ಲಿ ಆ ಬದುಕಿನ ನೋವನ್ನು ಕನ್ನಡಕ್ಕೆ ತಂದುಕೊಟ್ಟರು. ಸಾಹಿತ್ಯ ತನ್ನ ಋಣ ತೀರಿಸಿದೆ, ಪುರಾತತ್ತ್ವ ತೀರಿಸಿಲ್ಲ. ಗುಡಿ, ಬಸದಿ, ಕೆರೆಯ ತೂಬು, ಅಡಿಕೆತೋಟದ ಕಾಲುವೆ, ಘಟ್ಟದಿಂದ ಬಂದರಿಗೆ ಮೆಣಸು ಹೊತ್ತ ದಾರಿ ಇವುಗಳನ್ನು ನಕ್ಷೆಯಲ್ಲಿ ಗುರುತಿಸುವ ಕೆಲಸವನ್ನು ಸೋನಾರ್ ಯಂತ್ರದ ಧ್ವನಿಯಲೆಗಳಿಂದ ದೋಣಿಯಲ್ಲಿ ಕುಳಿತೇ ಆರಂಭಿಸಬಹುದು. ಅಲೆಯಿಲ್ಲದ, ಉಪ್ಪಿಲ್ಲದ ಈ ನೀರಿನಲ್ಲಿ ಮೊದಲು ಕೈ ಪಳಗಿಸಿಕೊಂಡ ತರುಣರು ಮುಂದೆ ನೇತ್ರಾಣಿ ದ್ವೀಪದ ಕಡಲಿಗೂ ಇಳಿಯಬಲ್ಲರು. ಹಾಗೆಂದು ಇದನ್ನು ಹಗುರವಾಗಿ ಎಣಿಸತಕ್ಕದ್ದಲ್ಲ. ಲಿಂಗನಮಕ್ಕಿಯ ಪೂರ್ಣಮಟ್ಟ ಸಮುದ್ರದಿಂದ 1,819 ಅಡಿ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ವಾಯುಭಾರ ಕಡಿಮೆಯಾದುದರಿಂದ ಕಡಲಮಟ್ಟಕ್ಕಾಗಿ ರಚಿಸಿದ ಕೋಷ್ಟಕಗಳನ್ನು ತಿದ್ದದೆ ಬಳಸಿದವನು ಅಪಾಯಕ್ಕೆ ಒಳಗಾಗುವನು. ಮುಳುಗಿದ ಮರಗಳ ಕೊಂಬೆಗಳು ಕತ್ತಲಿನಲ್ಲಿ ಹಗ್ಗಕ್ಕೂ ನಳಿಕೆಗೂ ತೊಡಕುವುವು. ಹೊನ್ನೆಮರಡುವಿನಲ್ಲಿ ದೋಣಿ ನಡೆಸುವುದಕ್ಕೂ ಇದಕ್ಕೂ ಬಹಳ ಅಂತರವುಂಟು. ವಿಧಿವತ್ತಾದ ತರಬೇತಿಯಿಲ್ಲದೆ ಉತ್ಸಾಹದಿಂದ ಯಾರೂ ಇಳಿಯಕೂಡದೆಂದು ನಾನು ಕೈಮುಗಿದು ಹೇಳುತ್ತೇನೆ.

ಮುಳುಗಡೆಯಾದ ಕುಟುಂಬಗಳಿಗೇ ಇನ್ನೂ ಭೂಮಿಯ ಹಕ್ಕುಪತ್ರ ಪೂರ್ತಿಯಾಗಿ ದೊರೆತಿಲ್ಲ, ಮುಳುಗಿದ ಕಲ್ಲಿನ ಚಿಂತೆಯೇಕೆ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯ ಹಿಂದಿನ ನೋವು ನ್ಯಾಯವಾದದ್ದು. ಅವರ ಹಕ್ಕಿಗೆ ಮೊದಲ ಸ್ಥಾನವೆಂಬುದನ್ನು ನಾನು ಸಂಪೂರ್ಣ ಒಪ್ಪುತ್ತೇನೆ. ಆದರೆ ಬಿಟ್ಟುಬಂದ ಊರಿಗೆ ಒಂದು ನಕ್ಷೆಯೂ ಇಲ್ಲದಂತೆ ಮಾಡುವುದರಿಂದ ಅವರ ಹಕ್ಕು ಬಲಗೊಳ್ಳುವುದೇ? ನಾಡಿಗೆ ಬೆಳಕು ಕೊಡಲು ಮನೆ ಬಿಟ್ಟವರ ಊರು ಎಲ್ಲಿತ್ತು, ಹೇಗಿತ್ತು ಎಂಬುದನ್ನು ಸರ್ಕಾರವೇ ದಾಖಲಿಸುವುದು ಅವರಿಗೆ ಸಲ್ಲಬೇಕಾದ ಗೌರವದ ಒಂದು ಭಾಗ. 1964ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತು ದಾಟಿದೆ. ಕಲ್ಲು ಇನ್ನೂ ನೂರು ವರ್ಷ ಕಾಯಬಲ್ಲುದು. ಯಾವ ಕಲ್ಲು ಯಾವುದೆಂದು ತೋರಿಸಬಲ್ಲ ಬೆರಳು ಕಾಯಲಾರದು.

ಕೇಂದ್ರ ಸರ್ಕಾರ ಮಾಡಬೇಕಾದುದೂ ಒಂದಿದೆ. ನೂರು ವರ್ಷಕ್ಕೂ ಹೆಚ್ಚು ಕಾಲ ನೀರಿನಡಿಯಲ್ಲಿರುವ ಮಾನವಕೃತ ವಸ್ತುಗಳನ್ನು ಇದ್ದಲ್ಲಿಯೇ ರಕ್ಷಿಸುವುದಕ್ಕೆ ಪ್ರಾಧಾನ್ಯ ಕೊಟ್ಟು, ಅವುಗಳ ವ್ಯಾಪಾರವನ್ನು ನಿಷೇಧಿಸುವ ಯುನೆಸ್ಕೋ ಒಪ್ಪಂದವೊಂದು 2001ರಲ್ಲಿ ಅಂಗೀಕಾರವಾಗಿ 2009ರಲ್ಲಿ ಜಾರಿಗೆ ಬಂದಿತು. ಇಷ್ಟು ದೊಡ್ಡ ಕರಾವಳಿಯುಳ್ಳ ಭಾರತ ಅದಕ್ಕೆ ಇನ್ನೂ ಸೇರಿಲ್ಲ. ಸೇರಬೇಕು. ಇದ್ದಲ್ಲಿಯೇ ರಕ್ಷಿಸುವುದೆಂಬ ತತ್ತ್ವ ಹೇಡಿತನದ್ದಲ್ಲ. 1628ರಲ್ಲಿ ಮುಳುಗಿ 1961ರಲ್ಲಿ ಮೇಲೆ ಬಂದ ಸ್ವೀಡನ್ನಿನ 'ವಾಸಾ' ಹಡಗಿನ ಮರ ಒಣಗಿ ಸೀಳದಿರಲೆಂದು ಅದರ ಮೇಲೆ ಹದಿನೇಳು ವರ್ಷ ದ್ರಾವಣ ಸಿಂಪಡಿಸಬೇಕಾಯಿತು. ಆ ಶಕ್ತಿ ಬರುವವರೆಗೆ ನಮ್ಮ ಹಡಗು ಹೂಳಿನಲ್ಲಿಯೇ ಸುಖವಾಗಿರಲಿ. ಅದು ಎಲ್ಲಿದೆಯೆಂದು ನಮಗೆ ಗೊತ್ತಿದ್ದು, ಕಳ್ಳನಿಗೆ ಸಿಗದಂತೆ ಕಾವಲಿದ್ದರೆ ಸಾಕು.

ಸರ್ಕಾರ ಏಳುವವರೆಗೆ ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಓದುಗರೇ, ನಿಮ್ಮ ಮನೆಯ ಅಟ್ಟದಲ್ಲಿ, ಹಳೆಯ ಟ್ರಂಕಿನ ತಳದಲ್ಲಿ, ಮುಳುಗಡೆಗೆ ಹಿಂದಿನ ಕಾಲದ ಪಟ್ಟೆ, ಕಂದಾಯ ರಸೀತಿ, ಜಮೀನಿನ ನಕ್ಷೆ, ಮದುವೆಯ ಭಾವಚಿತ್ರ, ಮೆಣಸಿನ ಮಂಡಿಯ ಲೆಕ್ಕದ ಪುಸ್ತಕ ಇದ್ದರೆ, ಅವುಗಳ ಪ್ರತಿಯೊಂದನ್ನು ಕೆಳದಿಯ ವಸ್ತುಸಂಗ್ರಹಾಲಯಕ್ಕೆ ತಲುಪಿಸಿರಿ. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜ ಅಜ್ಜಿಯರಿದ್ದರೆ ಅವರ ಮುಂದೆ ಬಿಳಿ ಹಾಳೆಯೊಂದನ್ನು ಹರಡಿ, ಮುಳುಗಿದ ಊರಿನ ಮನೆ, ಗುಡಿ, ಕೆರೆ, ದಾರಿಗಳನ್ನು ಅವರಿಂದಲೇ ಬರೆಸಿರಿ. ಈ ಮಳೆಗಾಲಕ್ಕೆ ಮೊದಲೇ ಬರೆಸಿರಿ.